ಪ್ಲಾಸ್ಟಿಕ್: ತಡೆಯಬೇಕಾದದ್ದು ತಿಪ್ಪೆಯಲ್ಲೋ, ಕಾರ್ಖಾನೆಯಲ್ಲೋ?

ಬೆಂಗಳೂರು: ಯಲಹಂಕದ ಆಚೆಗಿರುವ ಮಾವಳ್ಳಿಪುರಕ್ಕೆ ನಗರದ ಕಸದ ಲಾರಿಗಳು ಹೋಗುವುದು 2012ರ ಜುಲೈನಲ್ಲಿ ನಿಂತಿತು. ಗ್ರಾಮಸ್ಥರು ಪಟ್ಟು ಹಿಡಿದರು, ಮಾಲಿನ್ಯ ನಿಯಂತ್ರಣ ಮಂಡಳಿ ಮುಚ್ಚಲು ಆದೇಶಿಸಿತು. ಲಾರಿಗಳು ಪೂರ್ವದ ಮಂಡೂರಿನತ್ತ ತಿರುಗಿದವು. ಅಲ್ಲಿನವರೂ ಬೀದಿಗಿಳಿದು, 2014ರ ಕೊನೆಗೆ ಆ ದಾರಿಯೂ ಮುಚ್ಚಿತು. ತಿಪ್ಪೆಯ ಜಾಗ ಬದಲಾಯಿತೇ ಹೊರತು ಕಸ ಕರಗಲಿಲ್ಲ. ಹಸಿ ಕಸವೇನೋ ಕೊಳೆತು ಮಣ್ಣಾಗುತ್ತದೆ. ಬೇರ್ಪಡಿಸದೆ ಅದರೊಡನೆ ಸುರಿದ ಪ್ಲಾಸ್ಟಿಕ್ ದಶಕಗಳ ಕಾಲ ಉಳಿಯುತ್ತದೆ.

ಹಾಗಾದರೆ ಅದನ್ನು ತಡೆಯಬೇಕಾದದ್ದು ಎಲ್ಲಿ? ಜಗತ್ತಿನ ರಾಷ್ಟ್ರಗಳ ನಡುವಿನ ಜಗ್ಗಾಟವೂ ಇದೇ ಪ್ರಶ್ನೆಯದು. 2022ರ ಮಾರ್ಚ್ 2ರಂದು ನೈರೋಬಿಯಲ್ಲಿ ಸೇರಿದ ವಿಶ್ವಸಂಸ್ಥೆಯ ಪರಿಸರ ಸಭೆಯು, ಪ್ಲಾಸ್ಟಿಕ್ ಮಾಲಿನ್ಯದ ವಿರುದ್ಧ ಎಲ್ಲ ದೇಶಗಳನ್ನೂ ಕಟ್ಟುವ ಒಪ್ಪಂದವನ್ನು 2024ರ ಅಂತ್ಯದೊಳಗೆ ಸಿದ್ಧಪಡಿಸಲು ನಿರ್ಣಯಿಸಿತು. ಆ ಗಡುವು ದಕ್ಷಿಣ ಕೊರಿಯಾದ ಬುಸಾನ್‌ನಲ್ಲಿ ಮುರಿಯಿತು. 2025ರ ಆಗಸ್ಟ್‌ನಲ್ಲಿ ಜಿನೀವಾದಲ್ಲಿ ನಡೆದ ಮಾತುಕತೆಯೂ ಬರಿಗೈಯಲ್ಲಿ ಮುಗಿಯಿತು.

ಐರೋಪ್ಯ ಒಕ್ಕೂಟ ಹಾಗೂ ಅನೇಕ ಆಫ್ರಿಕನ್ ಮತ್ತು ದ್ವೀಪ ರಾಷ್ಟ್ರಗಳು ಪ್ಲಾಸ್ಟಿಕ್ಕಿನ ಮೂಲವಸ್ತುವಾದ ಪಾಲಿಮರ್ ತಯಾರಿಕೆಯನ್ನೇ ಮಿತಗೊಳಿಸಬೇಕೆನ್ನುತ್ತವೆ. ಪಾಲಿಮರ್ ಬಹುಪಾಲು ಹುಟ್ಟುವುದು ತೈಲ, ಅನಿಲಗಳಿಂದ. ಆದ್ದರಿಂದ ತೈಲ ರಾಷ್ಟ್ರಗಳು ಒಪ್ಪವು, ಕಸ ನಿರ್ವಹಣೆಯೊಂದೇ ಸಾಕೆನ್ನುತ್ತವೆ. ಅಭಿವೃದ್ಧಿಯ ಹಕ್ಕನ್ನು ಮುಂದಿಟ್ಟು ಭಾರತವೂ ತಯಾರಿಕೆಯ ಮಿತಿಯನ್ನು ಒಪ್ಪಲಿಲ್ಲ. ತೀರ್ಮಾನ ಒಮ್ಮತದಿಂದಲೇ ಆಗಬೇಕೆಂಬ ಪರಿಪಾಠವಿರುವುದರಿಂದ ಕೆಲವರ ಆಕ್ಷೇಪವೇ ಎಲ್ಲವನ್ನೂ ನಿಲ್ಲಿಸಬಲ್ಲದು.

ಇಲ್ಲೊಂದು ವಿಚಿತ್ರವಿದೆ. ಕರ್ನಾಟಕವು 2016ರ ಮಾರ್ಚ್ 11ರ ಅಧಿಸೂಚನೆಯಲ್ಲಿ ಕೈಚೀಲ, ಲೋಟ, ತಟ್ಟೆ, ಫ್ಲೆಕ್ಸ್‌ಗಳ ಬಳಕೆಯನ್ನಷ್ಟೇ ಅಲ್ಲ, ತಯಾರಿಕೆಯನ್ನೂ ನಿಷೇಧಿಸಿತು; ದಪ್ಪವೆಷ್ಟೆಂದು ಕೇಳಲಿಲ್ಲ. ಹಾಲಿನ ಪ್ಯಾಕೆಟ್ಟಿನಂಥವಕ್ಕೆ ವಿನಾಯಿತಿ ಇತ್ತು, ಅದು ಬೇರೆ ಮಾತು. ಕೇಂದ್ರವು 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಕೆಲವು ವಸ್ತುಗಳನ್ನಷ್ಟೇ ನಿಷೇಧಿಸಿತು. ಚೀಲಕ್ಕೆ 2022ರ ಕೊನೆಯಿಂದ ಕನಿಷ್ಠ 120 ಮೈಕ್ರಾನ್ ದಪ್ಪವಿದ್ದರೆ ಸಾಕು. ಕೇಂದ್ರದ ನಿಯಮಕ್ಕೆ ಸಲ್ಲುವ ಚೀಲ, ರಾಜ್ಯದ ಅಧಿಸೂಚನೆಯ ಪ್ರಕಾರ ಯಶವಂತಪುರದ ಮಾರುಕಟ್ಟೆಯಲ್ಲಿ ಸಲ್ಲದು! ವ್ಯಾಪಾರಿಗಳಿಗೆ ಗೊಂದಲವಾದರೆ ಅಚ್ಚರಿಯಿಲ್ಲ.

ಆದರೂ ರಾಜ್ಯ ತಡೆದದ್ದು ಚೀಲದ ರೂಪವನ್ನು ಮಾತ್ರ, ಪಾಲಿಮರನ್ನಲ್ಲ. ಅದು ಗಡಿಗಳನ್ನು ದಾಟಿ ಬರುವ ಸರಕು. ಬಾಸೆಲ್ ಒಡಂಬಡಿಕೆಯ ತಿದ್ದುಪಡಿಯಂತೆ 2021ರ ಜನವರಿಯಿಂದ, ಬೆರಕೆ ಪ್ಲಾಸ್ಟಿಕ್ ಕಸವನ್ನು ಇನ್ನೊಂದು ದೇಶಕ್ಕೆ ಸಾಗಿಸಲು ಆ ದೇಶದ ಮುನ್ನೊಪ್ಪಿಗೆ ಬೇಕು. ಅದೂ ಕಸಕ್ಕೆ ಕಟ್ಟಿದ ಬೇಲಿಯೇ. ಹೊಸ ಪಾಲಿಮರ್ ಎಷ್ಟು ತಯಾರಾಗಬೇಕೆಂಬುದಕ್ಕೆ ಅಂತಾರಾಷ್ಟ್ರೀಯ ಮಿತಿ ಜಿನೀವಾದಲ್ಲಿಯೂ ಹುಟ್ಟಲಿಲ್ಲ.