ಕೃಷಿ ಕಾರ್ಮಿಕರ ಪೀಡೆನಾಶಕ ಸಂಪರ್ಕ: ಅಳತೆಯ ವಿಧಾನಗಳು ಮತ್ತು ಮಿತಿಗಳು

ಒಂದು ಪ್ರದೇಶದಲ್ಲಿ ಎಷ್ಟು ಪೀಡೆನಾಶಕ ಬಳಕೆಯಾಯಿತೆಂಬುದನ್ನು ಮಾರಾಟದ ಲೆಕ್ಕದಿಂದ ಅಂದಾಜು ಮಾಡಬಹುದು. ಅದರಲ್ಲಿ ಎಷ್ಟು ಭಾಗ ಸಿಂಪಡಿಸಿದವರ ದೇಹವನ್ನು ಸೇರಿತೆಂಬುದನ್ನು ಮಾತ್ರ ಆ ಲೆಕ್ಕ ತಿಳಿಸಲಾರದು. ಬೆಳೆಯ ಎತ್ತರ, ಗಾಳಿಯ ದಿಕ್ಕು, ಸಿಂಪರಣಾ ಯಂತ್ರದ ಸೋರಿಕೆ, ತೊಟ್ಟ ಉಡುಪು, ದುಡಿದ ಅವಧಿ ಇವುಗಳಿಗನುಗುಣವಾಗಿ ಒಂದೇ ಹೊಲದಲ್ಲಿ ಕೆಲಸ ಮಾಡಿದ ಇಬ್ಬರ ಸಂಪರ್ಕದ ಪ್ರಮಾಣವೂ ಭಿನ್ನವಾಗಿರುತ್ತದೆ. ಆದ್ದರಿಂದ ಕಾರ್ಮಿಕರ ದೇಹವೇ ಅಳತೆಯ ನೆಲೆಯಾಗಬೇಕಾಗುತ್ತದೆ.

ಬಯಲಿನಲ್ಲಿ ಸಿಂಪಡಿಸುವಾಗ ವಿಷವು ಮುಖ್ಯವಾಗಿ ಉಸಿರಿನ ಮೂಲಕ ಒಳಸೇರುತ್ತದೆಂಬ ಭಾವನೆ ಸಾಮಾನ್ಯವಾಗಿದೆ. ವಾಸ್ತವದಲ್ಲಿ ಚರ್ಮದ ಮೇಲೆ ಬೀಳುವ ಪ್ರಮಾಣವೇ ಬಹುಪಾಲು ಹೆಚ್ಚು. ಇದನ್ನು ಅಳೆಯುವ ವಿಧಾನಗಳನ್ನು ಅಮೆರಿಕದ ಡರ್ಹಮ್ ಮತ್ತು ವುಲ್ಫ್ ಅವರು 1962ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಕ್ರೋಡೀಕರಿಸಿದರು. ಎದೆ, ಬೆನ್ನು, ತೋಳು, ತೊಡೆಗಳ ಮೇಲೆ ಹೀರುಪಟ್ಟಿಗಳನ್ನು ಅಂಟಿಸಿ, ಕೆಲಸ ಮುಗಿದ ಬಳಿಕ ಅವುಗಳಲ್ಲಿನ ರಾಸಾಯನಿಕವನ್ನು ಅಳೆದು, ಆಯಾ ಅಂಗದ ವಿಸ್ತೀರ್ಣಕ್ಕೆ ಗುಣಿಸಲಾಗುತ್ತದೆ. ಕೈಗಳನ್ನು ದ್ರಾವಕದಲ್ಲಿ ತೊಳೆದು ಆ ತೊಳೆನೀರನ್ನು ಪರೀಕ್ಷಿಸಲಾಗುತ್ತದೆ. ವಿಷವು ಅಂಗದ ಮೇಲೆಲ್ಲ ಸಮನಾಗಿ ಬೀಳುತ್ತದೆಂಬ ಗ್ರಹಿಕೆ ಈ ವಿಧಾನದ ಮುಖ್ಯ ಮಿತಿ. ಬೆನ್ನಿನ ಡಬ್ಬಿ ಸೋರಿದ ಜಾಗದಲ್ಲಿ ಪಟ್ಟಿಯಿಲ್ಲದಿದ್ದರೆ ಆ ಸೋರಿಕೆ ಲೆಕ್ಕಕ್ಕೇ ಸಿಗದು.

ಚರ್ಮದ ಮೇಲೆ ಬಿದ್ದುದೆಲ್ಲವೂ ರಕ್ತವನ್ನು ಸೇರುವುದಿಲ್ಲ. ಸೇರಿದ ಅಂಶವನ್ನು ತಿಳಿಯಲು ಮೂತ್ರಪರೀಕ್ಷೆ ನೆರವಾಗುತ್ತದೆ. ಆರ್ಗನೋಫಾಸ್ಫೇಟ್ ಗುಂಪಿನ ಅನೇಕ ಪೀಡೆನಾಶಕಗಳು ದೇಹದಲ್ಲಿ ವಿಘಟನೆಗೊಂಡು ಡೈಆಲ್ಕೈಲ್ ಫಾಸ್ಫೇಟ್‌ಗಳಾಗಿ ಕೆಲವೇ ದಿನಗಳಲ್ಲಿ ಹೊರಹೋಗುತ್ತವೆ. ಹೀಗಾಗಿ ಈ ಪರೀಕ್ಷೆ ಇತ್ತೀಚಿನ ಸಂಪರ್ಕವನ್ನು ಮಾತ್ರ ತೋರಿಸುತ್ತದೆ.

ಈ ಗುಂಪಿನ ವಿಷಗಳು ನರಗಳ ಕಾರ್ಯಕ್ಕೆ ಅಗತ್ಯವಾದ ಕೋಲಿನ್‌ಎಸ್ಟರೇಸ್ ಕಿಣ್ವವನ್ನು ತಡೆಯುವುದರಿಂದ, ರಕ್ತದಲ್ಲಿ ಅದರ ಚಟುವಟಿಕೆಯನ್ನು ಅಳೆದು ಪರಿಣಾಮವನ್ನು ಗುರುತಿಸಬಹುದು. ಆದರೆ ಆರೋಗ್ಯವಂತರಲ್ಲಿಯೂ ಕಿಣ್ವದ ಮಟ್ಟ ವ್ಯಕ್ತಿಯಿಂದ ವ್ಯಕ್ತಿಗೆ ಬಹಳ ವ್ಯತ್ಯಾಸಗೊಳ್ಳುತ್ತದೆ. ಸಹಜವಾಗಿ ಹೆಚ್ಚಿನ ಮಟ್ಟವುಳ್ಳ ವ್ಯಕ್ತಿಯಲ್ಲಿ ಅದು ಗಣನೀಯವಾಗಿ ಕುಸಿದ ಮೇಲೂ ಪ್ರಯೋಗಾಲಯದ ವರದಿ ‘ಸಾಮಾನ್ಯ’ವೆಂದೇ ಬರಬಹುದು. ಆದಕಾರಣ ಸಿಂಪರಣೆ ಆರಂಭವಾಗುವ ಮೊದಲೇ ಪ್ರತಿಯೊಬ್ಬರ ಮೂಲಮಟ್ಟವನ್ನು ದಾಖಲಿಸುವುದು ಅನಿವಾರ್ಯ. ಕ್ಯಾಲಿಫೋರ್ನಿಯಾ ರಾಜ್ಯದ ನಿಯಮದಂತೆ, ಕಿಣ್ವವು ಮೂಲಮಟ್ಟದ ಶೇ. 80ಕ್ಕಿಂತ ಕೆಳಗಿಳಿದರೆ ಕೆಲಸದ ಪದ್ಧತಿಯನ್ನು ಪರಿಶೀಲಿಸಬೇಕು. ಕೆಂಪು ರಕ್ತಕಣಗಳಲ್ಲಿ ಶೇ. 70 ಅಥವಾ ಪ್ಲಾಸ್ಮಾದಲ್ಲಿ ಶೇ. 60ಕ್ಕೆ ಇಳಿದರೆ ಕಾರ್ಮಿಕರನ್ನು ಆ ಕೆಲಸದಿಂದ ದೂರವಿಡಬೇಕು.

ಪರೀಕ್ಷೆಯು ವಿಷದ ಸ್ವರೂಪಕ್ಕೆ ಹೊಂದಿಕೆಯಾಗುವುದೂ ಅಷ್ಟೇ ಮುಖ್ಯ. ಕಾಸರಗೋಡಿನ ಗೇರು ತೋಟಗಳಲ್ಲಿ 2000ದವರೆಗೆ ಹೆಲಿಕಾಪ್ಟರಿನಿಂದ ಸಿಂಪಡಿಸಲಾಗುತ್ತಿದ್ದ ಎಂಡೋಸಲ್ಫಾನ್ ಆರ್ಗನೋಕ್ಲೋರಿನ್ ವರ್ಗಕ್ಕೆ ಸೇರಿದುದು. ಅದರ ಸಂಪರ್ಕ ಕೋಲಿನ್‌ಎಸ್ಟರೇಸ್ ಪರೀಕ್ಷೆಯಿಂದ ತಿಳಿಯದು. ರಕ್ತದಲ್ಲಿನ ಶೇಷಾಂಶವನ್ನೇ ನೇರವಾಗಿ ಅಳೆಯಬೇಕಾಗುತ್ತದೆ.

ಭಾರತದಲ್ಲಿ 1968ರ ಕೀಟನಾಶಕ ಕಾಯ್ದೆಯಡಿ ರೂಪುಗೊಂಡ 1971ರ ನಿಯಮಗಳು, ಸಿಂಪರಣೆಯಲ್ಲಿ ತೊಡಗುವವರನ್ನು ಕೆಲಸಕ್ಕೆ ಸೇರಿಸಿಕೊಳ್ಳುವ ಮೊದಲೂ ಅನಂತರ ನಿಯತವಾಗಿಯೂ ವೈದ್ಯಕೀಯ ಪರೀಕ್ಷೆಗೆ ಒಳಪಡಿಸಬೇಕೆಂದು ವಿಧಿಸಿದವು. ದಿನಗೂಲಿಯ ಸಿಂಪರಣೆಗೆ ಈ ವ್ಯವಸ್ಥೆ ಅಳವಡುವುದು ಕಷ್ಟ. ಅಲ್ಲಿ ಮಾಲೀಕರು ದಿನದಿನಕ್ಕೆ ಬದಲಾಗುತ್ತಾರೆ, ದಾಖಲೆ ಯಾರಲ್ಲಿಯೂ ಉಳಿಯುವುದಿಲ್ಲ. ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ 2017ರಲ್ಲಿ ಹತ್ತಿಗೆ ಪೀಡೆನಾಶಕ ಸಿಂಪಡಿಸಿದ ನೂರಾರು ಮಂದಿ ಆಸ್ಪತ್ರೆ ಸೇರಿದರು, 20ರಷ್ಟು ಮಂದಿ ಮೃತಪಟ್ಟರು. ಅಸ್ವಸ್ಥರಾದ ಬಳಿಕ ತೆಗೆದ ರಕ್ತ ಚಿಕಿತ್ಸೆಗೆ ದಾರಿ ತೋರಬಹುದು. ಅಪಾಯವನ್ನು ಮುಂಚಿತವಾಗಿ ತಿಳಿಸುವ ಅವಕಾಶ ಆ ವೇಳೆಗೆ ಕಳೆದಿರುತ್ತದೆ.

ಹಂಗಾಮಿಗೆ ಮುನ್ನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮೂಲಮಟ್ಟವನ್ನು ದಾಖಲಿಸಿ, ಆ ದಾಖಲೆಯನ್ನು ಕಾರ್ಮಿಕರ ಕೈಗೇ ಕೊಡುವ ಕ್ರಮ ಈ ಕೊರತೆಯನ್ನು ತುಂಬಬಲ್ಲದು. ಔಷಧ ಬೆರೆಸುವವರು, ಸಿಂಪರಣೆಯಾದ ಹೊಲದಲ್ಲಿ ಕಳೆ ಕೀಳುವ ಮತ್ತು ಹತ್ತಿ ಬಿಡಿಸುವ ಮಹಿಳೆಯರು ಸಹ ಈ ಗಣನೆಗೆ ಬಂದಾಗಲೇ ಅಳತೆ ಪೂರ್ಣವಾಗುತ್ತದೆ.