ಪಿತ್ತಜನಕಾಂಗದ ಚುಕ್ಕೆಗಳೆಲ್ಲ ಕ್ಯಾನ್ಸರ್ ಅಲ್ಲ

ಹೊಟ್ಟೆಯುಬ್ಬರವೆಂದು ವೈದ್ಯರ ಬಳಿಗೆ ಹೋಗುತ್ತೀರಿ. ಅವರು ಸ್ಕ್ಯಾನಿಂಗಿಗೆ ಬರೆದುಕೊಡುತ್ತಾರೆ. ‘ಪಿತ್ತಜನಕಾಂಗದಲ್ಲಿ ಹಲವು ಸಣ್ಣ ಚುಕ್ಕೆಗಳು’ ಎಂಬ ಸಾಲು ವರದಿಯಲ್ಲಿ ಕಂಡದ್ದೇ ತಡ, ಮನೆಮಂದಿಯ ಜಂಘಾಬಲವೇ ಉಡುಗಿಹೋಗುತ್ತದೆ. ಆದರೆ ಇಂಥ ಚುಕ್ಕೆಗಳಲ್ಲಿ ಅನೇಕವು ಏನೂ ಕೇಡು ಮಾಡದಂಥವು.

ಪಿತ್ತಜನಕಾಂಗದಲ್ಲಿ ತಯಾರಾಗುವ ಪಿತ್ತರಸ ಕೂದಲೆಳೆಗಿಂತ ಸಣ್ಣ ನಾಳಗಳಲ್ಲಿ ಹರಿದು, ದೊಡ್ಡ ನಾಳ ಸೇರಿ, ಸಣ್ಣಕರುಳಿಗೆ ಇಳಿಯುತ್ತದೆ. ಭ್ರೂಣದಲ್ಲಿ ಈ ನಾಳಗಳು ರೂಪುಗೊಳ್ಳುವಾಗ ಕೆಲವೆಡೆ ಅರೆಬರೆಯಾಗಿ ಉಳಿದುಬಿಡುವುದುಂಟು. ಈ ಉಳಿಕೆಗಳೇ ‘ಹಮಾರ್ಟೋಮ’. 1918ರಲ್ಲಿ ಇವುಗಳನ್ನು ವಿವರಿಸಿದ ಸ್ವಿಸ್ ವಿಜ್ಞಾನಿ ವಾನ್ ಮೇಯೆನ್‌ಬರ್ಗ್ ಅವರ ಹೆಸರಿನಿಂದಲೂ ಇವನ್ನು ಗುರುತಿಸುತ್ತಾರೆ. ಬಹುಪಾಲು ಇವು 5 ಮಿಲಿಮೀಟರಿಗಿಂತ ಚಿಕ್ಕವು. ನೋವಿಲ್ಲ, ಕಾಮಾಲೆಯಿಲ್ಲ. ಬೇರೆ ಅಂಗದ ಕ್ಯಾನ್ಸರ್ ಹರಡಿದಂತೆ ಸ್ಕ್ಯಾನಿಂಗಿನಲ್ಲಿ ತೋರುವುದೇ ತೊಡಕು. ಎಂ.ಆರ್.ಐ. ಪರೀಕ್ಷೆ ಸಾಮಾನ್ಯವಾಗಿ ಈ ಗೊಂದಲವನ್ನು ಬಿಡಿಸುತ್ತದೆ.

ಇನ್ನೊಂದು ಬಗೆ ‘ಅಡಿನೋಮ’. ಹೆಚ್ಚಾಗಿ ಒಂಟಿಯಾಗಿ, ಪಿತ್ತಜನಕಾಂಗದ ಹೊರಮೈಗೆ ಅಂಟಿಕೊಂಡಂತೆ ಇರುವ ಬಿಳಿಯ ಪುಟ್ಟ ಗಂಟು. ಜಠರದ ಕ್ಯಾನ್ಸರ್ ತೆಗೆಯಲೆಂದು ಹೊಟ್ಟೆ ತೆರೆದ ಶಸ್ತ್ರವೈದ್ಯರಿಗೆ ಇದು ಕಂಡಿತೆನ್ನಿ. ರೋಗ ಹರಡಿದೆಯೆಂದು ಭಾವಿಸಿದರೆ, ಗುಣವಾಗಬಹುದಾಗಿದ್ದ ರೋಗಿಯ ಶಸ್ತ್ರಚಿಕಿತ್ಸೆಯೇ ಅರ್ಧಕ್ಕೆ ನಿಂತೀತು! ಆದ್ದರಿಂದ ರೋಗಿ ಮೇಜಿನ ಮೇಲಿರುವಾಗಲೇ ಗಂಟಿನ ಚೂರನ್ನು ಪ್ರಯೋಗಾಲಯಕ್ಕೆ ಕಳಿಸಿ, ಸೂಕ್ಷ್ಮದರ್ಶಕದಡಿ ನೋಡಿಸುತ್ತಾರೆ.

ಇವು ಮುಂದೆ ಕ್ಯಾನ್ಸರ್ ಆಗುತ್ತವೆಯೇ? ಹಮಾರ್ಟೋಮ ಇದ್ದಲ್ಲಿ ಪಿತ್ತನಾಳದ ಕ್ಯಾನ್ಸರ್ ಕಾಣಿಸಿಕೊಂಡ ಉದಾಹರಣೆಗಳಿವೆ. ಆದರೆ ತೀರಾ ಅಪರೂಪ. ಅಡಿನೋಮದ ವಿಷಯದಲ್ಲೂ ಹಾಗೆಯೇ. ಆದುದರಿಂದ ಇವು ಇಂಥವೇ ಎಂದು ಖಚಿತವಾದ ಮೇಲೆ ಸಾಮಾನ್ಯವಾಗಿ ಕತ್ತರಿ ಆಡಿಸುವುದಿಲ್ಲ.

ಅಲಕ್ಷಿಸಬಾರದವೂ ಇವೆ. ಹೆಚ್ಚಾಗಿ ಮಧ್ಯವಯಸ್ಸಿನ ಮಹಿಳೆಯರಲ್ಲಿ ಕಾಣುವ, ಲೋಳೆ ತುಂಬಿದ ಗೋಡೆಗೋಡೆಯ ಚೀಲದಂಥ ಗಡ್ಡೆ ಮುಂದೆ ಕ್ಯಾನ್ಸರಿಗೆ ತಿರುಗಬಲ್ಲದು. ಸೂಜಿಯಿಂದ ನೀರು ತೆಗೆದರೆ ಮತ್ತೆ ತುಂಬಿಕೊಳ್ಳುತ್ತದೆ, ಪೂರ್ತಿ ತೆಗೆಯಬೇಕು. ಹುಟ್ಟಿನಿಂದಲೇ ಪಿತ್ತನಾಳ ಚೀಲದಂತೆ ಉಬ್ಬಿರುವವರಲ್ಲಿ ವಯಸ್ಸಾದಂತೆ ಅಪಾಯ ಏರುತ್ತದೆ. ಇವರಿಗೂ ಶಸ್ತ್ರಚಿಕಿತ್ಸೆಯೇ ದಾರಿ. ಆಮೇಲೂ ವರ್ಷಗಟ್ಟಲೆ ತಪಾಸಣೆ ಬೇಕು.

ಹಳೆಯ ಸ್ಕ್ಯಾನಿಂಗ್ ಚಿತ್ರಗಳನ್ನು ಜೋಪಾನವಾಗಿಡಿ. ಚುಕ್ಕೆ ಬೆಳೆದಿದೆಯೇ, ಇದ್ದಂತೆಯೇ ಇದೆಯೇ ಎಂದು ಹೋಲಿಸಿ ನೋಡಲು ಅವೇ ಆಧಾರ. ಕಾಮಾಲೆ, ಕಾರಣವಿಲ್ಲದೆ ತೂಕ ಇಳಿಯುವುದು, ಬಿಡದ ಹೊಟ್ಟೆನೋವು ಇದ್ದರೆ ತಡಮಾಡಬೇಡಿ. ವರದಿ ಕಂಡು ಕಂಗೆಡುವುದೂ ಬೇಡ, ಅದನ್ನು ಮೂಲೆಗೆಸೆಯುವುದೂ ಬೇಡ.