ಟ್ರೇಲರ್ ಅಚ್ಚು ಕಿರಿದು ಮಾಡಿ ಚಕ್ಕಡಿಗೆ

ನಮ್ಮದು ಗದಗ ಸೀಮೆಯ ಎರೆಹೊಲ. ಮಳೆ ಬಿದ್ದರೆ ಕಬ್ಬಿಣದ ಪಟ್ಟಿಯ ಗಾಲಿ ಗುಂಬದ ತನಕ ಹೂಳ್ತದೆ. ಅದಕ್ಕೇ 2018ರಲ್ಲಿ ಟೈರಿನ ಚಕ್ಕಡಿ ಮಾಡಿಸಲು ಹೊರಟೆ.

ಗುಜರಿಯಲ್ಲಿ ಟ್ರೇಲರಿನ ಎರಡು ಹಳೇ ಅಚ್ಚು ಸಿಕ್ಕವು. ಒಂದು ಕೊಳವೆಯದು, ಇನ್ನೊಂದು ಎರಡೂವರೆ ಇಂಚಿನ ಚೌಕದ ಗಟ್ಟಿ ಸರಳು. ಅಗ್ಗವೆಂದು ಕೊಳವೆಯದನ್ನೇ ತಂದೆ. ನಮ್ಮ ಹೊಲದ ದಾರಿಗೆ ಅಗಲ ಜಾಸ್ತಿ. ನಡುವೆ ಒಂದಡಿ ಕೊಯ್ಸಿ, ತುದಿಗೆ ತುದಿ ಕೂಡಿಸಿ ಬೆಸುಗೆ ಹಾಕಿಸಿದೆ. ಒಳಗೆ ಇನ್ನೊಂದು ಕೊಳವೆ ತೂರಿಸಬೇಕಿತ್ತಂತೆ, ಯಾರೂ ಹೇಳಲಿಲ್ಲ. ಸುಗ್ಗಿಯಲ್ಲಿ ಹತ್ತು ಚೀಲ ಜೋಳ ಹೇರಿ ಹಳ್ಳ ಇಳಿಯುವಾಗ ಬೆಸುಗೆಯಲ್ಲೇ ಲಟಕ್ ಅಂತು. ಎಡಗಡೆಯ ಎತ್ತು ಮೊಣಕಾಲೂರಿ ಬಿತ್ತು. ಜೋಳ ಹೋಗಲಿ, ಎತ್ತಿನ ಕಾಲು ಮುರಿದಿದ್ದರೆ ನನ್ನ ಬಿತ್ತನೆ ಗತಿ ಏನು?

ಆಮೇಲೆ ಗಟ್ಟಿ ಸರಳನ್ನೇ ತಂದೆ. ಈ ಸಲ ನಡುವೆ ಮುಟ್ಟಲಿಲ್ಲ. ಒಂದು ತುದಿ ಕೊಯ್ದುಹಾಕಿ, ಉಳಿದ ಸರಳಿನ ತುದಿಯನ್ನೇ ಲೇತಿನಲ್ಲಿ ಬೇರಿಂಗಿನ ಅಳತೆಗೆ ಕಡೆಸಿದೆ. ಬೆಸುಗೆಯೇ ಇಲ್ಲ. ಚೌಕ ಮುಗಿದು ದುಂಡು ಶುರುವಾಗುವ ಮೂಲೆಯನ್ನು ಚೂಪಾಗಿ ಬಿಡಬೇಡಿ, ಬಿರುಕು ಹುಟ್ಟೋದು ಅಲ್ಲೇ. ಚೌಕಟ್ಟಿಗೆ ಯು-ಬೋಲ್ಟ್ ಹಾಕಿ ಬಿಗಿಸಿ. ಬೆಸೆಯಲೇಬೇಕಾದರೆ ಮೊದಲು ಬೇರಿಂಗ್ ಬಿಚ್ಚಿಡಿ, ಕರೆಂಟು ಹರಿದು ಕೆಡ್ತವೆ. ಎರಡು ಗಾಲಿಗಳ ನಡುವಿನ ಅಂತರ ಮುಂದೆಯೂ ಹಿಂದೆಯೂ ಒಂದೇ ಬರಬೇಕು. ಇಲ್ಲದಿದ್ದರೆ ಟೈರು ಸವೆದು ಎತ್ತಿಗೆ ಎಳೆತ ಭಾರ.

ಒಂದೂವರೆ ಅಡಿ ಕಿರಿದು ಮಾಡುವ ಆಸೆ ನನಗಿತ್ತು. ಕಣಿಕೆ ಎತ್ತರಕ್ಕೆ ಹೇರಿದಾಗ ಮಗುಚ್ತದೆ ಎಂದು ಲೇತಿನವ ಒಂದಡಿಗೇ ನಿಲ್ಲಿಸಿದ.

ಮುರಿದ ಕೊಳವೆ ಗುಜರಿಗೇ ಹೋಯ್ತು, ಅರ್ಧ ಬೆಲೆಗೆ.